ಮುರಿಗೆವ್ವನ ನಿಧಾನದ ಮಿಡಿತ

ತಿಕೋಟದ ಮುರಿಗೆವ್ವ ಕೌದಿ ಹೊಲಿಯುತ್ತಿದ್ದಳು. ಹಳೆ ಸೀರೆ, ಹರಿದ ಧೋತರ, ಕೂಸಿನ ಕುಲಾಯಿ, ಯಾರು ಏನು ತಂದುಕೊಟ್ಟರೂ ಪದರು ಪದರಾಗಿ ಹಾಸಿ ಬೆಚ್ಚಗಿನ ಹೊದಿಕೆ ಮಾಡಿಕೊಡುವಳು. ಗಂಡ ತೀರಿದ ಮೇಲೆ ತಮ್ಮ ಗುರಲಿಂಗಪ್ಪನ ಮನೆಯ ಪಡಸಾಲೆಯೇ ಅವಳ ಲೋಕ.

ಎರಡನೇ ಮಹಾಯುದ್ಧ ಮುಗಿದ ಮರುವರ್ಷ ಅವಳಿಗೆ ಒಂದು ವಿಚಿತ್ರ ಶುರುವಾಯಿತು. ಹೊಲಿಯುತ್ತಿದ್ದಂತೆಯೇ ಸೂಜಿ ಹಿಡಿದ ಕೈ ನಿಲ್ಲುವುದು. ಮುಖ ಬೂದಿಯಂತಾಗಿ ಗೋಡೆಗೆ ವಾಲುವಳು. ಹತ್ತು ಎಣಿಸುವಷ್ಟರಲ್ಲಿ ಕೆನ್ನೆಗೆ ಕೆಂಪೇರಿ ಕಣ್ಣು ತೆರೆಯುವಳು. ಆ ಹೊತ್ತಿನದು ಅರೆಬರೆ ನೆನಪು: ತೆನೆ ಬಿಟ್ಟ ಬಿಳಿಜೋಳದ ಹೊಲ, ಗಾಳಿ ಬೀಸುತ್ತಿದೆ, ಸಪ್ಪಳವಿಲ್ಲ. ಕಾಲು ನೆಲಕ್ಕೆ ತಾಗದೆ ತೆನೆಗಳ ಮೇಲೆ ಎತ್ತಲೋ ತೇಲಿ ಹೋಗುತ್ತಿದ್ದಾಳೆ. ಮರಳಿ ಬರಲು ಅವಸರವೇ ಇರುತ್ತಿರಲಿಲ್ಲ.

ಕಂಡವರು ಕೈಮುಗಿದರು. ಮುರಿಗೆವ್ವನ ಮೈಮೇಲೆ ದೇವಿ ಬರುತ್ತಾಳೆಂಬ ಸುದ್ದಿ ಬಬಲೇಶ್ವರದ ತನಕ ಹೋಯಿತು. ಮಂಗಳವಾರ ಬಂತೆಂದರೆ ಪಡಸಾಲೆಯ ತುಂಬ ಕಾಯಿ, ಕರ್ಪೂರ, ಹೆಂಗಸರು.

ಅಂಥ ಒಂದು ಮಂಗಳವಾರ ಜೈನಾಪುರದ ಲಕ್ಕವ್ವ ಬಂದಳು. ಬರ್ಮಾದ ಯುದ್ಧಕ್ಕೆ ಹೋದ ಮಗ ಕರೆಪ್ಪನಿಂದ ಮೂರು ವರ್ಷ ಕಾಗದವಿಲ್ಲ. "ನನ್ನ ಮಗ ಬರತಾನೇನವ್ವಾ?" ಎಂದು ಕಾಲು ಹಿಡಿದಳು. ಅದೇ ಗಳಿಗೆಯಲ್ಲಿ ಮುರಿಗೆವ್ವನ ಕತ್ತು ಮುಂದಕ್ಕೆ ಬಿತ್ತು.

"ಬರತಾನಂತ! ದೇವಿ ತಲಿ ಆಡಿಸಿದ್ಲು!" ಎಂದು ಯಾರೋ ಕೂಗಿದರು. ಮುರಿಗೆವ್ವ ಕಣ್ಣು ತೆರೆದಾಗ ಲಕ್ಕವ್ವ ನಗುತ್ತಾ ಅಳುತ್ತಿದ್ದಳು.

ಅಂದು ಮುರಿಗೆವ್ವನಿಗೆ ತುತ್ತು ಇಳಿಯಲಿಲ್ಲ. "ತಮ್ಮಾ, ನಾ ಏನೂ ಅಂದಿಲ್ಲ. ನನಗ ಯಾವ ದೇವೀನೂ ಕಂಡಿಲ್ಲ. ನನ್ನ ದವಾಖಾನಿಗೆ ಕರಕೊಂಡು ಹೋಗು" ಎಂದಳು.

ವಿಜಾಪುರದ ಸೊಲ್ಲಾಪುರ ರಸ್ತೆಯಲ್ಲಿ ಡಾಕ್ಟರ್ ಗುರುಪಾದಯ್ಯನವರ ದವಾಖಾನೆ. ಐದನೆಯ ದಿನ ಅಕ್ಕ ತಮ್ಮ ಅಲ್ಲಿಗೆ ಹೋದರು. ಅವರು ಗಡಿಯಾರ ನೋಡುತ್ತ ಬಹಳ ಹೊತ್ತು ನಾಡಿ ಹಿಡಿದರು. ಆಮೇಲೆ ಗುರಲಿಂಗಪ್ಪನನ್ನು ಹತ್ತಿರ ಕರೆದರು. "ಇಲ್ಲಿ ನೋಡ್ರಿ, ಕೊರಳಿನ ರಕ್ತನಾಳ ನಿಮಿಷಕ್ಕ ಎಪ್ಪತ್ತು ಸಲ ಅದರತೈತಿ. ಮುಂಗೈ ನಾಡಿ ಬರೇ ಮೂವತ್ತಾರು."

"ಎರಡು ಎದಿ ಅದಾವೇನ್ರಿ ಈಕಿಗೆ?" ಗುರಲಿಂಗಪ್ಪ ಹೌಹಾರಿದ.

"ಒಂದ ಎದಿ, ಭಾಗ ಎರಡು. ಕೊರಳಾಗ ಕಾಣೂದು ಮ್ಯಾಲಿನ ಭಾಗದ ಮಿಡಿತ, ಮುಂಗೈಯಾಗ ಸಿಗೂದು ಕೆಳಗಿನ ಭಾಗದ್ದು. ಮ್ಯಾಲ ಹುಟ್ಟಿದ ಮಿಡಿತ ಒಂದು ಜೀವಕಣದಿಂದ ಮಗ್ಗಲಿನ ಕಣಕ್ಕ, ಅದರಿಂದ ಮತ್ತೊಂದಕ್ಕ ದಾಟಿ ಕೆಳಗ ಬರತೈತಿ. ಗಟ್ಟಿ ಎದಿಯಾಗ ಇದು ಕಣ್ಣು ಮಿಟುಕಿಸೂದರಾಗ ಮುಗೀತೈತಿ. ನಡುವ ಇರೂದು ಒಂದ ಸಣ್ಣ ಹಾದಿ. ತಾಯಿ, ನಿಮ್ಮ ಎದಿಯಾಗ ಆ ಹಾದಿಗೆ ಗಾಯದ ಕಲೆ ಬಿದ್ದೈತಿ. ಯಾವುದೋ ಹಳೇ ಜ್ವರದ್ದಿರಬೇಕು, ಖಾತ್ರಿ ಹೇಳಾಕ ಬರೂದಿಲ್ಲ. ಕಲೆ ಬಿದ್ದ ಮಾಂಸ ಸುದ್ದಿ ದಾಟಸೂದಿಲ್ಲ."

"ಮತ್ತ ಕೆಳಗಿಂದು ಹೆಂಗ ಬಡೀತೈತ್ರಿ?" ಮುರಿಗೆವ್ವ ಕೇಳಿದಳು.

"ಅದಕ್ಕ ತನ್ನದ ಒಂದು ನಿಧಾನದ ಮಿಡಿತ ಐತಿ. ಯಾರೂ ಹೇಳದಿದ್ರೂ ಬಡಕೋತ ಇರತೈತಿ. ಅದೂ ಚೂರು ತಡಾ ಮಾಡಿದ್ರ ನಿಮಗ ಎಚ್ಚರ ತಪ್ಪತೈತಿ."

ಗುಳಿಗೆ ಕೊಟ್ಟರು. ಪೂರ್ತಿ ವಾಸಿಯಾಗುವುದಿಲ್ಲವೆಂದೂ ಮುಚ್ಚುಮರೆಯಿಲ್ಲದೆ ಹೇಳಿದರು. ಮುರಿಗೆವ್ವನಿಗೆ ಭಯವಾಗಲಿಲ್ಲ. ಹೇಳುವವರಿಲ್ಲದೆ ಇಷ್ಟು ದಿನ ಬಡಿದುಕೊಂಡ ಆ ಕೆಳಗಿನದರ ಮೇಲೆ ಅಕ್ಕರೆ ಹುಟ್ಟಿತು. ಮೋಟಾರಿನಲ್ಲಿ ಊರಿಗೆ ಬರುವಾಗ ಸೆರಗಿನೊಳಗೆ ಎದೆಯ ಮೇಲೆ ಕೈಯಿಟ್ಟು ಅದನ್ನೇ ಆಲಿಸುತ್ತ ಕೂತಳು. ಹೊರಗೆ ಹೊಲಗಳು ಕನಸಿನಂತೆ ಹಿಂದೆ ಸರಿದವು.

ಮರುದಿನವೇ ಚಕ್ಕಡಿ ಕಟ್ಟಿಸಿಕೊಂಡು ಜೈನಾಪುರಕ್ಕೆ ಹೋದಳು. ಲಕ್ಕವ್ವನ ಎದುರು ಕೂತು ಎಲ್ಲ ಹೇಳಿದಳು.

"ಈ ಆರು ದಿನ ಹೊಟ್ಟಿ ತುಂಬ ಉಂಡಿದ್ದೆ, ಯಕ್ಕಾ" ಎಂದಳು ಲಕ್ಕವ್ವ.

"ನನ್ನ ಬೈದುಬಿಡು, ತಂಗಿ."

ಲಕ್ಕವ್ವ ಬೈಯಲಿಲ್ಲ. ಒಳಗೆ ಹೋಗಿ ನೀರು ತಂದುಕೊಟ್ಟಳು.

ಮಂಗಳವಾರದ ಜನ ಕರಗಿತು. ಕೆಲವರು ದೇವಿಯನ್ನು ಡಾಕ್ಟರು ಓಡಿಸಿದನೆಂದು ಸಿಟ್ಟಾದರು. ದೀಪಾವಳಿಯಾದ ಮೇಲೆ ಲಕ್ಕವ್ವನೊಬ್ಬಳು ಬಂದಳು, ಬಗಲಲ್ಲಿ ಕರೆಪ್ಪನ ಎರಡು ಹಳೆ ಅಂಗಿ. "ಕೌದಿ ಮಾಡಿಕೊಡು. ಬಂದ್ರ ಅಂವ ಹೊದಕೋತಾನ, ಇಲ್ಲಂದ್ರ ನಾ" ಎಂದಳು. ಇಬ್ಬರೂ ಎದುರುಬದುರು ಕೂತು ಹೊಲಿದರು. ಆ ಕೌದಿ ಮುಗಿದ ಮೇಲೂ ಲಕ್ಕವ್ವ ಬರುವುದನ್ನು ಬಿಡಲಿಲ್ಲ.

ಕರೆಪ್ಪನ ಸುದ್ದಿ ಬರಲೇ ಇಲ್ಲ. ಮುರಿಗೆವ್ವನಿಗೆ ಎಚ್ಚರ ತಪ್ಪುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಅವಳು ಮತ್ತೆ ವಾಲಿದಾಗ ಲಕ್ಕವ್ವ ಸೂಜಿ ಬಿಟ್ಟು ಅವಳ ಮುಂಗೈ ಹಿಡಿದು, ನಾಡಿಗೆ ಬೆರಳಿಟ್ಟು ಕಾದಳು. ಬೆರಳ ಕೆಳಗೆ ಏನೂ ಇಲ್ಲ. ಆಮೇಲೆ ಒಂದು. ತಡೆದು, ಇನ್ನೊಂದು.

"ಈ ಸಲ ಏನ್ ಕಾಣ್ತು, ಯಕ್ಕಾ?"

ಮುರಿಗೆವ್ವ ಕಣ್ಣು ಅರೆ ತೆರೆದು ನಕ್ಕಳು. "ಅದ ಹೊಲ. ಆದ್ರ ಯಾರೋ ಕೈ ಹಿಡಿದಿದ್ರು."