ಟಾಪ್ ಗೇರಿನ ಸದ್ದು

ನನ್ನ ಮೊಮ್ಮಗಳು ಕಾರು ಓಡಿಸುವುದನ್ನು ನೀವು ಒಮ್ಮೆ ನೋಡಬೇಕಿತ್ತು. ಸ್ಟೇರಿಂಗ್ ಹಿಡಿದು ಬೆನ್ನು ನೆಟ್ಟಗೆ ಮಾಡಿ ಕೂತಳೆಂದರೆ, ಹಿಂದಿನ ಸೀಟಿನಲ್ಲಿದ್ದ ನನಗೆ ಕಾಣುತ್ತಿದ್ದದ್ದು ಅವಳ ಜಡೆ, ಒಂದು ಕಿವಿ, ಮತ್ತೆ ಮೇಲಿನ ಕನ್ನಡಿಯಲ್ಲಿ ಅವಳ ಕಣ್ಣು. ಅಷ್ಟು ಸಾಕಿತ್ತು ನನಗೆ. ವಿನೋಬನಗರದ ನಮ್ಮ ಮನೆಯಿಂದ ಭದ್ರಾವತಿ ಮುಟ್ಟುವ ತನಕ ಅದನ್ನೇ ನೋಡಿಕೊಂಡು ಹೋಗುತ್ತಿದ್ದೆ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೆ ಅದೇ ದೊಡ್ಡ ಭಾಗ್ಯ ಅಂದುಕೊಂಡು ಇಷ್ಟು ದಿನ ಬದುಕಿದವಳು. ಮಾಚೇನಹಳ್ಳಿಯ ಫ್ಯಾಕ್ಟರಿಯಲ್ಲಿ ದುಡಿದು, ತನ್ನದೇ ಸಂಬಳದಲ್ಲಿ ಸೆಕೆಂಡ್ ಹ್ಯಾಂಡ್ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿ, "ಅಜ್ಜಿ, ಹತ್ತು" ಅಂದ ಹುಡುಗಿ ನನ್ನ ಮೊಮ್ಮಗಳು ಎಂದು ದಿನಕ್ಕೆ ಒಬ್ಬರಿಗಾದರೂ ಹೇಳದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ. ತರಕಾರಿ ಗಾಡಿಯವನಿಗೂ ಹೇಳಿದ್ದೇನೆ. ಅವನು ಮರೆತಿರಬಹುದೆಂದು ಇನ್ನೊಂದು ಸಲವೂ ಹೇಳಿದ್ದೇನೆ.

ಈ ಖುಷಿಯನ್ನೇ ಬರೆಯೋಣ ಎಂದು ಕೂತೆ. ಆದರೆ ಆ ಕಾರಿನ ಮಾತು ಬಂದರೆ ಯಜಮಾನರ ಮಾತು ಬರದೇ ಇರುವುದಿಲ್ಲ.

ಯಜಮಾನರು ಲಾರಿ ಡ್ರೈವರ್ ಆಗಿದ್ದವರು. ಭದ್ರಾವತಿಯ ಕಾರ್ಖಾನೆಗೆ ಅದಿರು ತಂದು, ಅಲ್ಲಿಂದ ಕಬ್ಬಿಣ ತುಂಬಿಕೊಂಡು ಹೋಗಿ, ಸ್ಟೇರಿಂಗ್ ಹಿಂದೆಯೇ ಮುದುಕರಾದವರು. ಈಗ ಅವರ ಕಣ್ಣು ಹೋಗುತ್ತಿದೆ. ಕಣ್ಣಿನ ಪ್ರೆಶರ್ ಹೆಚ್ಚಾಗಿ ನರ ಸತ್ತಿದೆ, ಹೋದ ದೃಷ್ಟಿ ವಾಪಸ್ ಬರುವುದಿಲ್ಲ, ಉಳಿದದ್ದನ್ನು ಆದಷ್ಟು ದಿನ ಹಿಡಿದಿಡೋಣ ಎಂದು ಡಾಕ್ಟರು ಹೇಳಿ ಡ್ರಾಪ್ಸ್ ಬರೆದುಕೊಟ್ಟಿದ್ದಾರೆ. ಎರಡೂ ಪಕ್ಕದಿಂದ ಕತ್ತಲೆ ಸರಿದು ಸರಿದು ಬಂದು, ಎದುರಿಗೆ ಒಂದು ಬಳೆಯಷ್ಟು ಅಗಲ ಮಾತ್ರ ಬೆಳಕು ಉಳಿದಿದೆಯಂತೆ. ಮನೆಯಲ್ಲಿ ಅವರು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂರುತ್ತಾರೆ. ಮಗ, ಸೊಸೆ ಒಳ್ಳೆಯವರೇ. ಊಟ ಆಯ್ತಾ, ಡ್ರಾಪ್ಸ್ ಹಾಕಿದಿರಾ ಎಂದು ಕೇಳುತ್ತಾರೆ. ಆದರೆ ಯಾವುದನ್ನೂ ಅವರ ಹತ್ತಿರ ವಿಚಾರಿಸಿ ಮಾಡುವ ಅಗತ್ಯ ಯಾರಿಗೂ ಇಲ್ಲ. ಇದು ಅವರಿಗೂ ಗೊತ್ತು.

ಭಾನುವಾರ ಮಾತ್ರ ಬೇರೆ. ಭದ್ರಾವತಿಯಲ್ಲಿ ಅವರ ಹಳೇ ಲಾರಿ ಸ್ನೇಹಿತರು ಒಂದು ಟೀ ಅಂಗಡಿಯಲ್ಲಿ ಸೇರುತ್ತಾರೆ. ಮೊಮ್ಮಗಳು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದಳು. ಯಜಮಾನರು ಇಸ್ತ್ರಿ ಶರ್ಟು ಹಾಕಿ ಮುಂದೆ ಎಡಗಡೆ ಕೂತು, ಅಂಗೈಯನ್ನು ಡ್ಯಾಶ್‌ಬೋರ್ಡಿನ ಮೇಲೆ ಚಪ್ಪಟೆಯಾಗಿ ಇಡುತ್ತಿದ್ದರು. ಇಂಜಿನ್ನಿನ ನಡುಕ ಆ ಅಂಗೈಯಲ್ಲೇ ಅವರಿಗೆ ಗೊತ್ತಾಗುತ್ತಿತ್ತು. ಗೇರು, ಸ್ಪೀಡು, ರಸ್ತೆ ಎಲ್ಲ. ಆಮೇಲೆ ಪಾಠ ಶುರು.

"ಟಾಪಿಗೆ ಹಾಕು."

"ಅಜ್ಜ, ಇನ್ನೂ ಸ್ಪೀಡೇ ಬಂದಿಲ್ಲ."

"ಮೀಟರ್ ನೋಡ್ಕಂಡು ಗೇರ್ ಹಾಕೋದು ಡ್ರೈವಿಂಗ್ ಸ್ಕೂಲಿನೋರು. ಹಾಕು ಮಗಾ. ಹಾಕಿದ ಮೇಲೆ ಇಳಿಸ್ಬೇಡ."

ಲಾರಿಯವರಲ್ಲಿ ಅದೊಂದು ಮರ್ಯಾದೆಯ ಪ್ರಶ್ನೆಯಾಗಿತ್ತು. ಏರಿನಲ್ಲಿ ಗೇರು ಇಳಿಸದೆ, ಟಾಪಿನಲ್ಲೇ ಗುಡುಗುಡು ಎಂದು ನಿಧಾನಕ್ಕೆ ಎಳೆದುಕೊಂಡು ಹೋದವನೇ ಡ್ರೈವರ್. ಡೀಸೆಲ್ ಉಳಿಯುತ್ತದೆ, ಸಾಹುಕಾರ ಮೆಚ್ಚುತ್ತಾನೆ. ಗೇರು ಇಳಿಸಿದವನನ್ನು ಟೀ ಅಂಗಡಿಯಲ್ಲಿ, "ಏನಪ್ಪ, ನಿನ್ ಗಾಡಿ ಕೆಮ್ಮುತಾ ಬಂತಂತೆ" ಎಂದು ಕಿಚಾಯಿಸುತ್ತಿದ್ದರು. ಡೀಸೆಲ್ ಲಾರಿಯ ಆ ವಿದ್ಯೆಯನ್ನು ಅವರು ಟರ್ಬೋ ಇರುವ ಸಣ್ಣ ಪೆಟ್ರೋಲ್ ಕಾರಿಗೆ ಹಾಗ್ಹಾಗೇ ಕಲಿಸಿದರು. ಆಯಿಲ್ ಬದಲಾಯಿಸುವ ಸಮಯ ಬಂದಾಗಲೂ ಬಿಡಲಿಲ್ಲ, ಭದ್ರಾವತಿಯ ಸ್ನೇಹಿತರ ಗ್ಯಾರೇಜಿನಲ್ಲಿ ಲಾರಿಗೆ ಹಾಕುವ ದಪ್ಪ ಆಯಿಲ್ಲನ್ನೇ ಹುಯ್ಯಿಸಿದರು. "ದಪ್ಪ ಇದ್ರೆ ಇಂಜಿನ್ನಿಗೆ ತಂಪು" ಎಂದರು. ಮೊಮ್ಮಗಳು ಹೂಂ ಎಂದಳು. ಅಜ್ಜ ಅಷ್ಟು ಉತ್ಸಾಹದಲ್ಲಿ ಮಾತಾಡುವುದನ್ನು ನೋಡಿದರೆ ಯಾರಾದರೂ ಹೂಂ ಅನ್ನುತ್ತಿದ್ದರು.

ಸದ್ದು ಮೊದಲು ಕೇಳಿದ್ದು ನನಗೆ. ರೈಲ್ವೆ ಮೇಲ್ಸೇತುವೆ ಏರುವಾಗ, ಸ್ಟೀಲ್ ಡಬ್ಬಿಯಲ್ಲಿ ಒಣ ಕಡಲೆ ಹಾಕಿ ಅಲ್ಲಾಡಿಸಿದ ಹಾಗೆ.

"ಪುಟ್ಟಿ, ಡಿಕ್ಕಿಯಲ್ಲಿ ಡಬ್ಬ ಏನಾದ್ರೂ ಇಟ್ಟಿದೀಯಾ?"

"ಇಲ್ವಲ್ಲ ಅಜ್ಜಿ."

"ನಿನ್ ಬಳೆ ಸದ್ದೇ ಮಾರಾಯ್ತಿ ಅದು" ಎಂದರು ಯಜಮಾನರು. ಲಾರಿ ಇಂಜಿನ್ ಪಕ್ಕದಲ್ಲಿ ಇಷ್ಟು ವರ್ಷ ಕೂತು ಅವರ ಕಿವಿಗೆ ಸಣ್ಣ ಸದ್ದು ಯಾವುದೂ ತಾಗುವುದಿಲ್ಲ. ನಾನು ಬಳೆಗಳನ್ನು ಮೊಣಕೈ ಕಡೆಗೆ ಸರಿಸಿ ಬಿಗಿಯಾಗಿ ಹಿಡಿದುಕೊಂಡು ಕೂತೆ. ಸದ್ದು ನಿಲ್ಲಲಿಲ್ಲ. ಸೇತುವೆ ಇಳಿದ ಮೇಲೆ ತಾನಾಗಿಯೇ ನಿಂತಿತು.

ಮೊಮ್ಮಗಳು ಫ್ಯಾಕ್ಟರಿಯಲ್ಲಿ ತಿಳಿದವರನ್ನು ವಿಚಾರಿಸಿ ಬಂದು, ಅಡುಗೆಮನೆಯಲ್ಲಿ ನನ್ನ ಪಕ್ಕ ಕೂತು ಹೇಳಿದಳು. ಅದಕ್ಕೆ ನಾಕಿಂಗ್ ಎನ್ನುತ್ತಾರಂತೆ. ಟರ್ಬೋ ಎನ್ನುವುದು ಗಾಳಿಯನ್ನು ಒತ್ತಿ ಒತ್ತಿ ಇಂಜಿನ್ ಒಳಗೆ ತುಂಬುತ್ತದೆ. ಪೆಟ್ರೋಲು ಕಿಡಿ ತಾಗಿ ಒಂದು ಕಡೆಯಿಂದ ಹದವಾಗಿ ಉರಿಯಬೇಕು. ಟಾಪ್ ಗೇರಿನಲ್ಲಿ ನಿಧಾನಕ್ಕೆ ಹೋಗುತ್ತಾ ಆಕ್ಸಿಲರೇಟರ್ ಒತ್ತಿದರೆ, ಒಳಗೆ ಒತ್ತಡ, ಶಾಖ ಹೆಚ್ಚಾಗಿ ಅಲ್ಲಲ್ಲಿ ತಾನೇ ಹೊತ್ತಿಕೊಂಡು ಬಡಿಯುತ್ತದೆ.

"ಅದಕ್ಕೇನು ಮಾಡ್ತಾರೆ?"

"ಇಂಜಿನ್ನಿಗೆ ಒಂದು ಸೆನ್ಸರ್ ಇರುತ್ತೆ ಅಜ್ಜಿ, ಡಾಕ್ಟ್ರು ಎದೆ ಮೇಲೆ ಇಡ್ತಾರಲ್ಲ ಹಂಗೆ. ಬಡಿತ ಕೇಳಿದ್ ತಕ್ಷಣ ಕಂಪ್ಯೂಟರ್ ಕಿಡಿನ ಸ್ವಲ್ಪ ತಡ ಮಾಡುತ್ತೆ. ಅದೂ ಒಂದು ಮಿತಿ ತನಕ. ಒಳ್ಳೆ ಪೆಟ್ರೋಲ್ ಹಾಕ್ಬೇಕು, ಸರಿಯಾದ ಆಯಿಲ್ ಹಾಕ್ಬೇಕು. ಎಲ್ಲಕ್ಕಿಂತ ಮೊದ್ಲು ಗೇರ್ ಇಳಿಸ್ಬೇಕು."

ಆಯಿಲ್ ಬದಲಾಯಿಸಿದಳು. ದುಬಾರಿ ಪೆಟ್ರೋಲನ್ನೂ ಹಾಕಿಸಿದಳು. ಉಳಿದದ್ದು ಗೇರು. ಮುಂದಿನ ಭಾನುವಾರ ಮೇಲ್ಸೇತುವೆ ಹತ್ತಿರ ಬಂದಾಗ, ಅಜ್ಜನಿಗೆ ಗೊತ್ತಾಗದ ಹಾಗೆ ಮೆತ್ತಗೆ ಮೂರಕ್ಕೆ ಇಳಿಸಿದಳು. ಕಾರು ಹಗುರವಾಗಿ ಹತ್ತಿತು, ಕಡಲೆಯ ಸದ್ದಿಲ್ಲ. ನನಗೆ ಎಷ್ಟು ಹಿಗ್ಗಾಯಿತೆಂದರೆ ಜೋರಾಗಿ ನಕ್ಕುಬಿಟ್ಟೆ.

ಯಜಮಾನರು ಡ್ಯಾಶ್‌ಬೋರ್ಡಿನಿಂದ ಕೈ ತೆಗೆದರು. "ಇಳಿಸಿದ್ಯಾ?"

"ಏರು ಇತ್ತಲ್ಲ ಅಜ್ಜ."

"ಕೇಳದೇ ಇಳಿಸೋದಾದ್ರೆ ನಾನ್ಯಾಕೆ ಇಲ್ಲಿ ಕೂತಿದೀನಿ?"

ಭದ್ರಾವತಿ ತನಕ ಆ ಕೈ ಅವರ ಮಡಿಲಲ್ಲೇ ಇತ್ತು. ಅದರ ಮುಂದಿನ ಭಾನುವಾರ ಅವರು ಶರ್ಟು ಹಾಕಲಿಲ್ಲ. ತಲೆ ನೋವು ಎಂದರು. ಬಾಗಿಲ ಹತ್ತಿರದ ಕುರ್ಚಿ ಬಿಟ್ಟು ಏಳಲಿಲ್ಲ, ಊಟಕ್ಕೂ ತಡವಾಗಿ ಬಂದರು. ನಾಕಿಂಗ್ ವಿಷಯ ಬಿಡಿಸಿ ಹೇಳಲು ಮೊಮ್ಮಗಳು ಹೋದಳು. "ಅಜ್ಜ, ಈ ಇಂಜಿನ್ ಬೇರೆ ಥರ" ಎಂದು ಶುರು ಮಾಡಿದಳು. "ಹೌದು ಬಿಡು, ಈಗ ಎಲ್ಲಾ ಬೇರೆ ಥರಾನೇ" ಎಂದು ಅವರು ಮುಖ ಆಚೆ ತಿರುಗಿಸಿದರು. ನಾನು ನೋಡುತ್ತಿದ್ದೆ. ಕಾರು ಉಳಿಸಿಕೊಳ್ಳಬೇಕೋ, ಅಜ್ಜನನ್ನು ಆ ಮುಂದಿನ ಸೀಟಿನಲ್ಲಿ ಉಳಿಸಿಕೊಳ್ಳಬೇಕೋ, ಎರಡರಲ್ಲಿ ಒಂದೇ ಆಗುವುದು ಎಂದು ಅವಳಿಗೆ ಅಲ್ಲೇ ಅರ್ಥವಾಗಿತ್ತು.

ಅದರ ಮುಂದಿನ ವಾರ ಅವಳೇ ಶರ್ಟು ಇಸ್ತ್ರಿ ಮಾಡಿ ತಂದಳು. "ಟಾಪಲ್ಲೇ ಹೋಗೋಣ, ಬಾ."

ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡೆವು. ಸದ್ದು ಕೇಳಿದ ಕೂಡಲೇ ನಾನು ಹಿಂದಿನಿಂದ ಅವಳ ಭುಜ ತಟ್ಟುವುದು, ಅವಳು ಗೇರು ಮುಟ್ಟದೆ ಆಕ್ಸಿಲರೇಟರ್ ಮೇಲಿನ ಕಾಲು ಸಡಿಲ ಬಿಡುವುದು. ಒಳಗಿನ ಒತ್ತಡ ಇಳಿದು ಬಡಿತ ನಿಲ್ಲುತ್ತಿತ್ತು. ಜೊತೆಗೆ ಕಾರೂ ನಿಲ್ಲುವ ಹಾಗೆ ಆಗುತ್ತಿತ್ತು. ಸೇತುವೆಯ ಮೇಲೆ ನಮ್ಮ ಹಿಂದೆ ಬಸ್ಸು, ಆಟೋ ಎಲ್ಲ ಹಾರ್ನ್ ಹೊಡೆಯುತ್ತಾ ಸಾಲುಗಟ್ಟುತ್ತಿದ್ದವು. ಒಬ್ಬ ಬೈಕಿನವನು ಪಕ್ಕಕ್ಕೆ ಬಂದು, "ಏನ್ ಮೇಡಂ, ಮೆರವಣಿಗೆ ಹೊರಟಿದೀರಾ?" ಎಂದು ಕೇಳಿ ಹೋದ.

"ಅವ್ನಿಗೆ ಅವಸರ. ನೀನು ಹೀಗೇ ಎಳ್ಕಂಡು ಹೋಗು" ಎಂದರು ಯಜಮಾನರು. ಅವರ ಮುಖ ಅರಳಿತ್ತು.

ಆದರೆ ನನ್ನ ಕಿವಿ, ಅವಳ ಕಾಲು ಎಷ್ಟೆಂದು ಕಾಯುತ್ತವೆ. ಒಂದು ಭಾನುವಾರ ಭದ್ರಾವತಿಯಿಂದ ವಾಪಸ್ ಬರುವಾಗ ಕಡಲೆಯ ಸದ್ದೇ ಬರಲಿಲ್ಲ. ಮುಂದೆ ಇದ್ದ ಟ್ರ್ಯಾಕ್ಟರ್ ದಾಟಲು ಅವಳು ಕಾಲು ಒತ್ತಿದ್ದಷ್ಟೇ. ಒಳಗೆ ಒಂದೇ ಒಂದು ಏಟು ಬಿತ್ತು, ಸುತ್ತಿಗೆಯಲ್ಲಿ ಹೊಡೆದ ಹಾಗೆ. ಮೀಟರಿನ ಪಕ್ಕ ಹಳದಿ ದೀಪ ಹತ್ತಿತು. ಕಾರು ಕುಂಟಲು ಶುರುವಾಯಿತು. ಹೇಗೋ ಮಾಚೇನಹಳ್ಳಿಯಲ್ಲಿ ಅವಳಿಗೆ ಗೊತ್ತಿದ್ದ ಒಂದು ವರ್ಕ್‌ಶಾಪಿಗೆ ತಂದಳು. ಯಜಮಾನರಿಗೆ ಹೊರಗೆ ನೆರಳಲ್ಲಿ ಕುರ್ಚಿ ಹಾಕಿಸಿ, ಟೀ ತರಿಸಿಕೊಟ್ಟು, ನಾವಿಬ್ಬರೂ ಒಳಗೆ ನಿಂತೆವು.

ಮೆಕ್ಯಾನಿಕ್ ಪ್ಲಗ್ ಬಿಚ್ಚಿ ಒಂದೊಂದು ಸಿಲಿಂಡರಿಗೂ ಒತ್ತಡ ಅಳೆಯುವ ಮೀಟರ್ ಇಟ್ಟು ನೋಡಿದ. ತೆಳ್ಳಗಿನ ವಯರಿನ ತುದಿಯ ಕ್ಯಾಮೆರಾ ಇಳಿಸಿ ನೋಡಿದ. ಒಂದು ಸಿಲಿಂಡರಿನಲ್ಲಿ ಒತ್ತಡವೇ ನಿಲ್ಲುತ್ತಿಲ್ಲ, ಗೋಡೆಯಲ್ಲಿ ಗೀರು ಬಿದ್ದಿದೆ, ಪಿಸ್ಟನ್ನಿನ ಅಂಚು ಮುರಿದಿರಬೇಕು ಎಂದ.

"ನಿಧಾನಕ್ಕೆ ಓಡಿಸ್ತೀರಲ್ವಾ ಮೇಡಂ? ಇದು ನಿಧಾನದ್ದೇ ಏಟು. ಒಳಗೆ ಆಯಿಲ್ ಹನಿ ಸೇರ್ಕಂಡು, ಕಿಡಿ ಬೀಳೋಕೆ ಮುಂಚೆನೇ ಹೊತ್ಕಂಡಿದೆ. ಪಿಸ್ಟನ್ ಮೇಲೆ ಬರ್ತಾ ಇರುತ್ತೆ, ಬೆಂಕಿ ಅದ್ರ ತಲೆ ಮೇಲೆ ಹೊಡೆಯುತ್ತೆ."

"ಕಂಪ್ಯೂಟರ್ ತಡೀಲಿಲ್ವಾ?"

"ಅದು ಕಿಡಿನ ತಡ ಮಾಡ್ಬಹುದು ಅಷ್ಟೆ. ಕಿಡಿಗೂ ಕಾಯದೇ ಹೊತ್ಕಂಡ್ರೆ ಅದೇನ್ ಮಾಡುತ್ತೆ?"

"ಇನ್ಮೇಲೆ ಗೇರ್ ಇಳಿಸಿ ಓಡಿಸಿದ್ರೆ?"

"ಸ್ವಲ್ಪ ದಿನ ಜಾಸ್ತಿ ಬರುತ್ತೆ. ಹೋಗೋದಂತೂ ಹೋಗುತ್ತೆ. ಇಂಜಿನ್ ಬಿಚ್ಚಿಸೋ ಖರ್ಚಿಗೆ ಈ ಗಾಡಿ ಬಾಳಲ್ಲ."

ಅವಳು ಬಾನೆಟ್ ಒಳಗೆ ಬಗ್ಗಿ ನೋಡಿದಳು. ಅವಳ ಮೊದಲನೇ ಕಾರು. ನಾನೇ ಬಾಯಿಬಿಟ್ಟೆ. "ಇನ್ಮೇಲೆ ಅವ್ರನ್ನ ಕರ್ಕಂಡು ಹೋಗೋದು ಬೇಡ ಪುಟ್ಟಿ. ನಿನ್ ಕೆಲ್ಸಕ್ಕಾದ್ರೂ ನಾಲ್ಕು ದಿನ ಬರ್ಲಿ."

"ನಂಗೆ ಫ್ಯಾಕ್ಟರಿ ಬಸ್ ಇದೆ ಅಜ್ಜಿ. ಅಜ್ಜನಿಗೆ ಏನಿದೆ?"

ಇಂಥವಳು ನಮ್ಮ ಮನೆಯಲ್ಲಿ ಹುಟ್ಟಿದಳಲ್ಲ ಎಂದು ಎದೆ ತುಂಬಿ ಬಂತು. ಅದೇ ಎದೆಗೆ, ಇದರಿಂದ ಏನೂ ಉಳಿಯುವುದಿಲ್ಲ, ಕಾರೂ ಇಲ್ಲ, ಆ ಬಳೆಯಗಲದ ಬೆಳಕೂ ಇಲ್ಲ ಎಂದು ಗೊತ್ತಿತ್ತು.

ಹೊರಗೆ ಯಜಮಾನರು ಟೀ ಲೋಟ ಹಿಡಿದು ಕಾಯುತ್ತಿದ್ದರು. "ಏನಂದ ಅವ್ನು?"

"ಪ್ಲಗ್ಗಲ್ಲಿ ಕಸ ಇತ್ತಂತೆ. ಓಡ್ಸೋದು ಚೆನ್ನಾಗಿ ಓಡಿಸ್ತೀರ, ಯಾರ್ ಕಲ್ಸಿದ್ದು ಅಂತ ಕೇಳಿದ್ರು" ಎಂದಳು ಮೊಮ್ಮಗಳು.

"ಕೆಲ್ಸ ಗೊತ್ತಿರೋನು" ಎಂದರು.

ಆಮೇಲೆ ವಾರದ ದಿನ ಅವಳು ಆ ಕಾರು ಮುಟ್ಟಲಿಲ್ಲ. ಫ್ಯಾಕ್ಟರಿ ಬಸ್ಸಿಗೆ ಹೋದಳು. ಉಳಿದಷ್ಟು ಓಟವನ್ನು ಭಾನುವಾರಕ್ಕೆ ಇಟ್ಟಳು. ಕಾರು ಹೊಗೆ ಉಗುಳಿಕೊಂಡು, ಕುಂಟಿಕೊಂಡು, ಟಾಪಿನಲ್ಲೇ ಹೋಗುತ್ತಿತ್ತು. ನಡುಕ ಜಾಸ್ತಿ ಎಂದು ಯಜಮಾನರೂ ಅಂದರು. "ಹಳೇದಾದ್ರೆ ಯಾವುದೇ ಗಾಡಿ ನಡುಗುತ್ತೆ" ಎಂದು ತಾವೇ ಸಮಾಧಾನ ಹೇಳಿಕೊಂಡರು.

ಅದು ನಿಂತದ್ದು ಭದ್ರಾವತಿ ಇನ್ನೂ ದೂರ ಇರುವಾಗ, ಸಮತಟ್ಟು ರಸ್ತೆಯಲ್ಲಿ. ಒಂದು ಕರಕರ ಸದ್ದು, ಆಮೇಲೆ ಏನೂ ಇಲ್ಲ. ಮೊಮ್ಮಗಳು ಹಾಗೇ ಉರುಳಿಸಿಕೊಂಡು ರಸ್ತೆ ಬದಿಗೆ ತಂದು ನಿಲ್ಲಿಸಿದಳು. ಕೀ ತಿರುಗಿಸಿ ನೋಡಲೂ ಇಲ್ಲ. ಪಕ್ಕದಲ್ಲಿ ಲಾರಿಗಳು ಗಾಳಿ ಬೀಸಿಕೊಂಡು ಹೋಗುತ್ತಿದ್ದವು.

ಯಜಮಾನರ ಅಂಗೈ ಡ್ಯಾಶ್‌ಬೋರ್ಡಿನ ಮೇಲೇ ಇತ್ತು. ಅದನ್ನು ಸ್ವಲ್ಪ ಆಚೆ ಈಚೆ ಸರಿಸಿ ನೋಡಿದರು, ಎಲ್ಲಾದರೂ ನಡುಕ ಸಿಗುತ್ತದೋ ಎಂದು.

"ಸತ್ತಿದೆ ಅಲ್ವಾ?"

"ಹೂಂ ಅಜ್ಜ."

"ಯಾವ ಗೇರಲ್ಲಿತ್ತು?"

"ಟಾಪಲ್ಲೇ ಇತ್ತು."

ಅವರು ತಲೆ ಆಡಿಸಿದರು. "ಇಳಿಸ್ಲಿಲ್ಲ ತಾನೇ?"

"ಇಳಿಸ್ಲಿಲ್ಲ."

"ಸರಿ ಬಿಡು" ಎಂದರು. ಆಟೋ ಬರುವ ತನಕ ನಾವು ಮೂವರೂ ಒಳಗೇ ಕೂತಿದ್ದೆವು. ಅವರು ಕೈ ತೆಗೆಯಲಿಲ್ಲ.