ಕೆರೆದು ತೆಗೆದ ಕೆಂಪು ಚುಕ್ಕೆ

ಒಮಾನಿನ ಅಲ್ ಮಬೇಲಾದಲ್ಲಿರುವ ನಮ್ಮ ಮನೆಯ ಹಾಲಿನಲ್ಲಿ ಗಾಜಿನ ಬಾಗಿಲಿನ ಒಂದು ಕಪಾಟಿದೆ. ಬೇರೆಯವರ ಮನೆಯಲ್ಲಾದರೆ ಅಂಥ ಕಪಾಟಿನಲ್ಲಿ ಬೆಳ್ಳಿ ಸಾಮಾನೋ ಮಕ್ಕಳಿಗೆ ಬಂದ ಬಹುಮಾನಗಳೋ ಇರುತ್ತವೆ. ನಮ್ಮದರಲ್ಲಿ ಇಪ್ಪತ್ತೆಂಟು ಹಳೆಯ ಥರ್ಮೋಸ್ಟಾಟ್‌ಗಳಿದ್ದವು. ಕೋಣೆ ಎಷ್ಟು ತಣ್ಣಗಿರಬೇಕು ಎಂದು ಏಸಿಗೆ ಅಪ್ಪಣೆ ಕೊಡುವ, ಗೋಡೆಗೆ ಕೂರಿಸುವ ಪುಟ್ಟ ಡಬ್ಬಿಗಳು. ನಾನು ಏಸಿ ನಿರ್ವಹಣೆಯ ಕಂಪನಿಯೊಂದರಲ್ಲಿ ಸೂಪರ್‌ವೈಸರ್. ಹಳೆಯ ವಿಲ್ಲಾಗಳಲ್ಲಿ ಹೊಸ ಯಂತ್ರ ಕೂರಿಸುವಾಗ ಈ ಡಬ್ಬಿಗಳು ಕಸದ ಚೀಲಕ್ಕೆ ಹೋಗುತ್ತವೆ. ಮನೆಯವರನ್ನು ಕೇಳಿ ನಾನು ಎತ್ತಿಕೊಂಡು ಬರುತ್ತೇನೆ.

"ಮಂದಿ ಮನ್ಯಾಗಿನ ಕಸಾ ಎಲ್ಲಾ ನಮ್ಮ ಮನ್ಯಾಗ ಪ್ರದರ್ಶನಕ್ಕ ಇಟ್ಟಾರ ನೋಡ್ರಿ," ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ. ಬಂದವರು ನಗುತ್ತಾರೆ. ನಾನು ನಗುವುದಿಲ್ಲ. ಈ ವಿಷಯದಲ್ಲಿ ನನಗೆ ಮೂಗಿನ ತುದಿಯಲ್ಲೇ ಕೋಪ.

ಇವುಗಳಲ್ಲಿ ಬಹಳಷ್ಟು, ಹಿಮ ಬೀಳುವ ದೇಶಗಳಲ್ಲಿ ಮನೆ ಬೆಚ್ಚಗಿಡಲು ತಯಾರಾದವು. ಒಂದು ಬದಿಗೆ 'ಹೀಟ್', ಇನ್ನೊಂದು ಬದಿಗೆ 'ಕೂಲ್' ಎಂದು ಬರೆದ ಸಣ್ಣ ಗುಂಡಿ ಇರುತ್ತದೆ. ಒಮಾನಿಗೆ ಬಂದ ಮೇಲೆ 'ಹೀಟ್' ಕಡೆಗೆ ಯಾರೂ ಬೆರಳು ಹಾಕಿಲ್ಲ; ಅಲ್ಲಿನ ಅಕ್ಷರಗಳು ಈಗಲೂ ಅಂಗಡಿಯಿಂದ ತಂದಷ್ಟು ಹೊಸದಾಗಿವೆ. ನಾನೂ ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ಕೆಲಸ ಕಲಿತು, ಇಲ್ಲಿಗೆ ಬಂದು ಇಪ್ಪತ್ತು ವರ್ಷದಿಂದ ತಂಪಿನ ಕೆಲಸ ಮಾಡುತ್ತಿರುವವನು. ಹಾಗಾಗಿ ಅವುಗಳ ಮೇಲೆ ನನಗೆ ಸ್ವಲ್ಪ ಪಕ್ಷಪಾತ.

ಮುಚ್ಚಳ ತೆಗೆದರೆ ಒಳಗೆ ಸುರುಳಿ ಸುತ್ತಿದ ಲೋಹದ ಪಟ್ಟಿ, ಅದರ ತುದಿಗೆ ಬೆರಳಿನ ಗಾತ್ರದ ಗಾಜಿನ ನಳಿಗೆ, ಅದರೊಳಗೆ ಒಂದು ಹನಿ ಪಾದರಸ. ಕೋಣೆ ಬಿಸಿಯಾದರೆ ಸುರುಳಿ ಹೊರಳುತ್ತದೆ, ನಳಿಗೆ ವಾಲುತ್ತದೆ, ಪಾದರಸ ಆ ತುದಿಗೆ ಓಡಿ ಏಸಿ ಶುರುವಾಗುತ್ತದೆ. ಬ್ಯಾಟರಿ ಬೇಡ, ಪಾಸ್‌ವರ್ಡ್ ಬೇಡ. ಪ್ರತಿಯೊಂದಕ್ಕೂ ಎಲ್ಲಿ ಸಿಕ್ಕಿತು, ಯಾವ ಯಂತ್ರದ್ದು ಎಂದು ನಾನು ಚೀಟಿ ಕಟ್ಟುತ್ತೇನೆ. ಸಹಮ್‌ನ ತೋಟದ ಮನೆಯಿಂದ ತಂದದ್ದರಲ್ಲಿ ಒಣಗಿದ ಹಲ್ಲಿಯೊಂದಿತ್ತು. ಅದನ್ನೂ ಚೀಟಿಯಲ್ಲಿ ಬರೆದಿದ್ದೇನೆ.

ಕಳೆದ ಬೇಸಿಗೆಯ ಕೊನೆಯಲ್ಲಿ ಇಬ್ರಿ ಎಂಬ ಊರಿನ ಒಂದು ಮನೆಗೆ ಕೆಲಸಕ್ಕೆ ಹೋದೆವು. ತುಂಬಿದ ಮನೆ, ಅಜ್ಜಿ, ಮಗ, ಸೊಸೆ, ಐದು ಜನ ಮೊಮ್ಮಕ್ಕಳು. ಮಗ ಇಡೀ ಮನೆಗೆ ಹೊಸ ಏಸಿ ಹಾಕಿಸಿದ. ಅದರ ಜೊತೆಗೆ ಬಂದ ಥರ್ಮೋಸ್ಟಾಟ್ ಕನ್ನಡಿಯಂತೆ ನುಣುಪು. ಮುಟ್ಟಿದರೆ ಅಂಕಿಗಳು ಬೆಳಗುತ್ತವೆ, ಫೋನಿನಿಂದಲೂ ನಡೆಸಬಹುದು. ಅಜ್ಜಿಯ ಕೋಣೆಯ ಗೋಡೆಯಿಂದ ನಾನು ಬಿಚ್ಚಿದ್ದು ಗುಂಡನೆಯದು. ಹೊರಗಿನ ಬಳೆಯನ್ನು ತಿರುಗಿಸಿ ತಂಪು ಹೆಚ್ಚು ಕಡಿಮೆ ಮಾಡುವಂಥದ್ದು, ನಳಿಗೆಯಲ್ಲಿ ಒಂದು ಗೀರೂ ಇಲ್ಲ. ಕೇಳಿದೆ. "ಖಲಾಸ್, ತೊಗೊಂಡು ಹೋಗು," ಎಂದ ಮಗ. ಅಂದು ಮನೆಗೆ ಬರುವಾಗ ದಾರಿಯುದ್ದಕ್ಕೂ ಶಿಳ್ಳೆ ಹಾಕಿದೆ.

ಮುಂದೆ ನವರಾತ್ರಿ ಬಂತು. ನಮ್ಮ ಕಡೆ ಖಂಡೆ ಪೂಜೆಯ ದಿನ ದುಡಿಯುವವನು ತನ್ನ ಸಾಮಾನುಗಳನ್ನೆಲ್ಲ ತಿಕ್ಕಿ ತೊಳೆದು ಪೂಜಿಸಬೇಕು. ಸ್ಪ್ಯಾನರ್, ಗೇಜು, ಡ್ರಿಲ್ ಇವುಗಳ ಜೊತೆಗೆ ನಾನು ಕಪಾಟನ್ನೂ ಖಾಲಿ ಮಾಡುತ್ತೇನೆ. ಇಬ್ರಿಯಿಂದ ಬಂದ ಹೊಸ ಅತಿಥಿಗೆ ಅಂದು ವಿಶೇಷ ಮರ್ಯಾದೆ. ಅದರ ಬಳೆಯ ಮೇಲೆ ಎಳ್ಳಿನಷ್ಟು ಉಬ್ಬಿದ ಕೆಂಪು ಬಣ್ಣದ ಹನಿಯೊಂದು ಒಣಗಿ ಕೂತಿತ್ತು. ಯಾವನೋ ಪೇಂಟರ್ ಬೀಳಿಸಿರಬೇಕು ಎಂದು ಬೈಯುತ್ತ ಉಗುರಿನಿಂದ ಕೆರೆದೆ. ಹೋಗಲಿಲ್ಲ. ಬ್ಲೇಡಿನ ಅಂಚಿನಿಂದ ಎಬ್ಬಿಸಿ, ಟೂತ್‌ಪೇಸ್ಟ್ ಹಚ್ಚಿ, ಬಳೆಯನ್ನೆಲ್ಲ ಫಳಫಳ ಹೊಳೆಯುವಂತೆ ಉಜ್ಜಿದೆ. ಮೇಲೆ ಕುಂಕುಮ ಇಟ್ಟು ಕೈಮುಗಿದೆ.

ಹದಿನೈದು ದಿನ ಕಳೆದಿರಬಹುದು, ಇಬ್ರಿಯ ಆ ಮಗ ಫೋನ್ ಮಾಡಿದ. "ಭಾಯಿ, ವೋ ಪುರಾನಾ ಗೋಲ್ ವಾಲಾ ಫೇಂಕ್ ದಿಯಾ ಕ್ಯಾ?" ಆ ಹಳೆಯ ಗುಂಡನೆಯದನ್ನು ಎಸೆದಿಲ್ಲ, ನನ್ನ ಹತ್ತಿರವೇ ಇದೆ ಎಂದೆ. ಅತ್ತ ಕಡೆಯಿಂದ ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ ಅರಬ್ಬಿ ಬೆರೆತ ಹಿಂದಿಯಲ್ಲಿ ವಿಷಯ ಹೇಳಿದ.

ಅವನ ತಾಯಿಗೆ ಕಣ್ಣು ಕಾಣದೆ ಏಳೆಂಟು ವರ್ಷವಾಗಿದೆ. ಕಣ್ಣು ಮಂಜಾದ ಹೊಸದರಲ್ಲಿ, ಇತ್ತೀಚೆಗೆ ತೀರಿಕೊಂಡ ತಂದೆ, ಮಗಳ ಉಗುರುಬಣ್ಣ ತಂದು ಆ ಬಳೆಯ ಮೇಲೆ ಒಂದು ಹನಿ ಹಾಕಿದ್ದರು. ಹನಿ ನೆಟ್ಟಗೆ ಮೇಲಕ್ಕಿದ್ದರೆ ಕೋಣೆ ತಾಯಿಗೆ ಬೇಕಾದಷ್ಟೇ ತಂಪು. ಬೆರಳಾಡಿಸಿ ನೋಡಿ ಅವರೇ ತಿರುಗಿಸಿಕೊಳ್ಳುತ್ತಿದ್ದರು. ಈಗಿನ ನುಣುಪು ಗಾಜಿನ ಮೇಲೆ ಬೆರಳಿಗೆ ಏನೂ ಸಿಗುವುದಿಲ್ಲ. ಮುಟ್ಟಿದರೆ ಅಂಕಿ ಎಲ್ಲಿಗೋ ಹಾರುತ್ತದೆ. ಮೊಮ್ಮಕ್ಕಳು ಫೋನಿನಿಂದ ಒಬ್ಬೊಬ್ಬರು ಒಂದೊಂದು ಮಾಡುತ್ತಾರೆ. ಚಳಿಯಾದರೆ, ಸೆಕೆಯಾದರೆ, ಅವರು ಯಾರನ್ನಾದರೂ ಕೂಗಬೇಕು. ಕೂಗಿ ಕೂಗಿ ಬೇಸತ್ತು ಈಗ ಕೂಗುವುದನ್ನೇ ಬಿಟ್ಟು, ಕಂಬಳಿ ಹೊದ್ದುಕೊಂಡು ಸುಮ್ಮನೆ ಕೂರುತ್ತಾರಂತೆ.

"ಕೆಂಪು ಚುಕ್ಕೆ ಹಾಗೇ ಇದೆ ತಾನೇ?" ಎಂದು ಕೇಳಿದ.

"ಮಾಫಿ ಮುಷ್ಕಿಲ್," ಎಂದೆ. ತೊಂದರೆ ಇಲ್ಲ ಎಂದು ದಿನಕ್ಕೆ ನೂರು ಸಲ ಹೇಳಿ ಅಭ್ಯಾಸವಾದ ನಾಲಿಗೆ ಅದು.

ಫೋನ್ ಇಟ್ಟ ಮೇಲೆ ಕಪಾಟಿನಿಂದ ಅದನ್ನು ತೆಗೆದೆ. ಗಂಡ ಹಾಕಿದ ಕೆಂಪು ಚುಕ್ಕೆ ಕೆರೆದು, ಅದಕ್ಕೊಂದು ಕುಂಕುಮದ ಚುಕ್ಕೆ ಇಟ್ಟು ಕೈಮುಗಿದ ಮಹಾನುಭಾವ ನಾನು! ಕಪಾಟಿನ ಎಲ್ಲ ಡಬ್ಬಿಗಳೂ ನನ್ನನ್ನೇ ನೋಡುತ್ತಿವೆ ಅನ್ನಿಸಿತು. ನಾಚಿಕೆಯಾಯಿತು, ನಿಜವಾಗಿ ನಾಚಿಕೆಯಾಯಿತು. ಹಳೆಯದನ್ನು ಉಳಿಸುವವನು ಎಂದು ಎದೆಯುಬ್ಬಿಸಿ ತಿರುಗುವವನು ಉಳಿಸಲೇಬೇಕಾದ ಒಂದನ್ನು ಉಜ್ಜಿ ತೆಗೆದಿದ್ದೆ. ಕಾಪಾಡುವುದೆಂದರೆ ಹೊಳಪು ಕೊಡುವುದು ಎಂದುಕೊಂಡಿದ್ದೆ.

ಭೂತಗನ್ನಡಿ ಹಿಡಿದು ಬಳೆಯನ್ನು ಸುತ್ತಿಸಿ ಸುತ್ತಿಸಿ ಹುಡುಕಿದೆ. ಟೂತ್‌ಪೇಸ್ಟ್ ತನ್ನ ಕೆಲಸ ಚೆನ್ನಾಗಿಯೇ ಮಾಡಿತ್ತು. ಅಂದಾಜಿನ ಮೇಲೆ ಎಲ್ಲೋ ಒಂದು ಕಡೆ ಬಣ್ಣ ಹಾಕಿ ಕೊಟ್ಟರೆ ಆ ಮನೆಯಲ್ಲಿ ಯಾರಿಗೆ ಗೊತ್ತಾಗಬೇಕು ಎಂಬ ಯೋಚನೆಯೂ ಬಂತು. ಬಂದದ್ದನ್ನು ಮುಚ್ಚಿಡುವುದಿಲ್ಲ. ಹೆಂಡತಿಗೆ ಹೇಳಿದೆ. ಬೈಗುಳಕ್ಕೆ ಸಿದ್ಧನಾಗಿದ್ದೆ, ಅವಳು ಬೈಯಲಿಲ್ಲ.

"ಅದನ್ಯಾಕ ಕಣ್ಣಿಗೆ ಒತ್ಕೊಂಡು ಕುಂತೀರಿ?" ಎಂದಳು. "ತಂಪು ಹತ್ತೂದು ಆಕಿ ಮೈಗೆ, ನಿಮ್ಮ ಭೂತಗನ್ನಡಿಗಲ್ಲ. ಎಷ್ಟು ತಂಪು ಬೇಕು ಅಂತ ಹೋಗಿ ಆಕಿನ್ನ ಕೇಳ್ರಿ. ಕೆರದೀನಿ ಅಂತ ಮೊದಲ ಹೇಳ್ರಿ, ಆಮ್ಯಾಗ ಕೇಳ್ರಿ."

ಇಷ್ಟು ಸರಳವಾದದ್ದು ಇಪ್ಪತ್ತು ವರ್ಷದ ಅನುಭವಕ್ಕೆ ಹೊಳೆದಿರಲಿಲ್ಲ.

ಶುಕ್ರವಾರ ಇಬ್ಬರೂ ಹೊರಟೆವು. ಪಾದರಸದ ನಳಿಗೆ ಅಲ್ಲಾಡದಂತೆ ಸುರುಳಿಗೆ ಕಾಗದದ ಪಟ್ಟಿ ಸಿಕ್ಕಿಸಿ, ಡಬ್ಬಿಯನ್ನು ಟವೆಲ್ಲಿನಲ್ಲಿ ಸುತ್ತಿ ಅವಳ ಮಡಿಲಿಗೆ ಕೊಟ್ಟಿದ್ದೆ. ಇಬ್ರಿ ಮುಟ್ಟುವವರೆಗೆ ಎರಡೂವರೆ ಗಂಟೆ ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದೇ ಕೂತಿದ್ದಳು. ಪರ್ಸಿನಲ್ಲಿ ಮಗಳ ಕೆಂಪು ಉಗುರುಬಣ್ಣದ ಸೀಸೆ ಇತ್ತು. "ವೈ ಡು ಯು ನೀಡ್ ಇಟ್?" ಎಂದು ಮಗಳು ಕೇಳಿದ್ದಕ್ಕೆ, "ನಿಮ್ಮಪ್ಪ ಹಚ್ಕೋತಾರಂತ," ಎಂದು ಉತ್ತರ ಕೊಟ್ಟು ಬಂದಿದ್ದಳು.

ಬಾಗಿಲಲ್ಲಿ ನಿಂತು, ಗಂಡಸರು ಒಳಬರುವ ಮುನ್ನ ಇಲ್ಲಿ ಕೂಗಿ ತಿಳಿಸುವ ಹಾಗೆ, "ಹೂದ್, ಹೂದ್," ಎಂದೆ. ಮಗ ಬಂದು ತಾಯಿಯ ಕೋಣೆಗೆ ಕರೆದೊಯ್ದ. ಅವರು ದಿಂಬಿಗೆ ಒರಗಿ ಕೂತಿದ್ದರು. ಡಬ್ಬಿಯನ್ನು ಕೈಗೆ ಕೊಟ್ಟೆವು. ಹೆಬ್ಬೆರಳು ಬಳೆಯ ಸುತ್ತ ಒಂದು ಸುತ್ತು ಬಂತು. ಇನ್ನೊಂದು ಸುತ್ತು ಬಂತು. ನಿಂತಿತು.

ಸೈಟಿನಲ್ಲಿ ಕಲಿತ ಅರಬ್ಬಿಯಲ್ಲಿ, ಚಿಕ್ಕಮ್ಮನನ್ನು ಕರೆಯುವ ಹಾಗೆ, "ಖಾಲಾ, ಕೊಳೆ ಎಂದುಕೊಂಡು ನಾನೇ ತೆಗೆದೆ. ಫೋನಿನಲ್ಲಿ ಹೇಳುವ ಧೈರ್ಯವಾಗಲಿಲ್ಲ. ತಪ್ಪು ನನ್ನದು," ಎಂದೆ. ಮಗನ ಮುಖ ಗಂಟಿಕ್ಕಿತು. ಮುದುಕಿ ಬಳೆಯ ಮೇಲೆ ಮತ್ತೊಮ್ಮೆ ಹೆಬ್ಬೆರಳು ಆಡಿಸಿದರು. ಆ ಹೊತ್ತಿನಲ್ಲಿ ನಾನು ಭೂಮಿಗಿಳಿದು ಹೋದೆ. ಕೊನೆಗೆ ಅವರೇ ಹೇಳಿದರು: ಉಗುರುಬಣ್ಣ ಎಷ್ಟು ದಿನ ಬಾಳುತ್ತದೆ ಹೇಳು? ವರ್ಷದೊಳಗೆ ಸವೆಯುತ್ತಿತ್ತು. ಯಜಮಾನರು ಪ್ರತಿ ಸಲ ಹೊಸದಾಗಿ ಹಾಕುತ್ತಿದ್ದರು. "ನನ್ನನ್ನು ಇಲ್ಲಿ ಕೂರಿಸಿ, ಈಗ ಹೇಗಿದೆ, ಈಗ ಹೇಗಿದೆ ಎಂದು ಕೇಳಿ ಕೇಳಿ ತಲೆ ತಿನ್ನುತ್ತಿದ್ದರು."

ಹೆಂಡತಿ ನನ್ನ ಕಡೆ ನೋಡಿದಳು. ಗೆದ್ದ ನೋಟ ಅದು, ಆದರೆ ಅಂದು ನನಗೆ ಸಿಟ್ಟು ಬರಲಿಲ್ಲ.

ನುಣುಪು ಗಾಜಿನದನ್ನು ಬಿಚ್ಚಿ ಆ ಜಾಗದಲ್ಲಿ ಹಳೆಯದನ್ನು ಕೂರಿಸಿದೆ. ಪಾದರಸದ್ದು ಕೂದಲೆಳೆಯಷ್ಟು ವಾರೆಯಾದರೂ ಸುಳ್ಳು ಹೇಳುತ್ತದೆ. ಮಟ್ಟಗೋಲು ಇಟ್ಟು ಎರಡು ಸಲ ನೋಡಿದೆ. ಆಮೇಲೆ ಎಲ್ಲರೂ ಕೂತು ಕಾದೆವು. ಸೊಸೆ ಕಹ್ವಾ ಕಾಫಿ ತಂದಳು. ನಾನು ಬಳೆಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುವುದು, "ಈಗ, ಖಾಲಾ?" ಎಂದು ಕೇಳುವುದು. ಇನ್ನಷ್ಟು ಎನ್ನುತ್ತಿದ್ದರು. ಹೆಚ್ಚಾಯಿತು ಎನ್ನುತ್ತಿದ್ದರು. ಮುಕ್ಕಾಲು ಗಂಟೆಯಾಗಿರಬೇಕು, ಅವರು ಹೊದ್ದಿದ್ದ ಕಂಬಳಿಯನ್ನು ತಾವೇ ತೆಗೆದು ಪಕ್ಕಕ್ಕಿಟ್ಟು "ಬಸ್" ಎಂದರು. ಹೆಂಡತಿ ಸೀಸೆಯ ಮುಚ್ಚಳ ತೆಗೆದು, ಬಳೆಯ ನೆತ್ತಿಯ ಮೇಲೆ ಒಂದು ಹನಿ ಇಟ್ಟಳು. ಒಣಗಿದ ಮೇಲೆ ಮತ್ತೊಂದು, ಅದರ ಮೇಲೆ ಇನ್ನೊಂದು, ಬೆರಳಿಗೆ ಎಡವುವಷ್ಟು ಎತ್ತರಕ್ಕೆ.

ಆ ಕೋಣೆಯ ಹದ ಅವರಿಗೆ ಸರಿ, ನನಗಲ್ಲ. ಗೋಡೆಯ ಕೆಲಸ ಮಾಡಿ ಬೆವೆತಿದ್ದೆ. ಅಂಜಿಕೆಯ ಬೆವರೂ ಅದರಲ್ಲಿ ಸೇರಿತ್ತು. ಸದ್ದಾಗದಂತೆ ಟಿಶ್ಯೂ ಡಬ್ಬಿಯಿಂದ ಒಂದೊಂದಾಗಿ ಎಳೆದು ಒರೆಸಿಕೊಳ್ಳುತ್ತಿದ್ದೆ. ಮೂರನೆಯದನ್ನು ಎಳೆದಾಗ ಮುದುಕಿ ತಲೆಯೆತ್ತಿದರು. "ಅತಿಥಿಗೆ ಸೆಕೆಯಾಗುತ್ತಿದೆ," ಎಂದರು. ಮೊಮ್ಮಗಳು ನಾನು ಮಾಡುತ್ತೇನೆ ಎಂದು ಎದ್ದಳು. "ಲಾ, ಬೇಡ," ಎಂದು ಅವಳನ್ನು ಕೂರಿಸಿ, ತಾವೇ ಎದ್ದು, ಗೋಡೆ ಹಿಡಿದು ನಾಲ್ಕು ಹೆಜ್ಜೆ ನಡೆದರು. ಬೆರಳು ಚುಕ್ಕೆಯನ್ನು ಮುಟ್ಟಿತು, ಅಲ್ಲಿಂದ ಬಳೆಯನ್ನು ಎರಡು ಬೆರಳಿನಷ್ಟು ತಂಪಿನ ಕಡೆಗೆ ತಿರುಗಿಸಿತು. ಯಂತ್ರ ಗುರ್ರೆಂದಿತು. ತಣ್ಣನೆಯ ಗಾಳಿ ನನ್ನ ಮುಖಕ್ಕೆ ಬಂತು.

ಅವರು ವಾಪಸು ಬಂದು ಕೂತು, ಕಂಬಳಿಯನ್ನು ಮತ್ತೆ ಮೈಮೇಲೆ ಎಳೆದುಕೊಂಡು, ನಾನಿದ್ದ ಕಡೆಗೆ ಮುಖ ಮಾಡಿ ಕೇಳಿದರು: "ಈಗ ಹೇಗಿದೆ?"