ಕೊಕ್ಕರೆಯ ಕೈಮಾತು

ನಮ್ಮ ದೊಡ್ಡಪ್ಪ ಬಡಗಿ. ಹುಟ್ಟಿನಿಂದಲೇ ಅವರಿಗೆ ಕಿವಿ ಕೇಳಿಸುವುದಿಲ್ಲ. ದೊಡ್ಡಮ್ಮನಿಗೋ ಪಕ್ಕದ ಬೀದಿಯಲ್ಲಿ ಪಿಸುಗುಟ್ಟಿದರೂ ಕೇಳಿಸುತ್ತದೆ. ಇಬ್ಬರ ಸಂಸಾರ ನಡೆದದ್ದೆಲ್ಲ ಕೈಮಾತಿನಲ್ಲಿ. ಜಗಳವೂ ಅದರಲ್ಲೇ. ಜಗಳ ತಮ್ಮ ವಿರುದ್ಧ ವಾಲುತ್ತಿದೆ ಅನ್ನಿಸಿದಾಗ ದೊಡ್ಡಪ್ಪ ಸುಮ್ಮನೆ ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದರು. ಅಲ್ಲಿಗೆ ದೊಡ್ಡಮ್ಮನ ಬಾಯಿ ಕಟ್ಟಿದ ಹಾಗೆ. "ಈ ಸುಖ ನಿಮ್ಮಪ್ಪನಿಗಿಲ್ಲ ನೋಡು," ಎಂದು ಅವಳು ನನ್ನ ಹತ್ತಿರ ನಗುತ್ತಿದ್ದಳು. ನಾನು ಅವಳ ತಂಗಿಯ ಮಗಳು, ಅದೇ ಮನೆಯ ಮೇಲಿನ ಮಹಡಿಯಲ್ಲಿದ್ದವಳು. ಹಾಗಾಗಿ ಈ ಕಥೆಯ ಬಹುಪಾಲನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರ ಕೈಮಾತನ್ನು ಇಲ್ಲಿ ಬಾಯಿಮಾತಿನ ಹಾಗೆಯೇ ಬರೆಯುತ್ತೇನೆ.

ದೊಡ್ಡಮ್ಮ ಒಂದು ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುವ ಕೆಲಸದಲ್ಲಿದ್ದಳು. ಪ್ರೆಸ್ಸು ಮುಚ್ಚಿದಾಗ ಯಜಮಾನರು ಅವಳು ಕೆಲಸ ಮಾಡುತ್ತಿದ್ದ ಕಂಪ್ಯೂಟರನ್ನು ಅವಳಿಗೇ ಬಿಟ್ಟುಕೊಟ್ಟರು. ಅದು ಮುಂದಿನ ಕೋಣೆಯ ಕಿಟಕಿಯ ಪಕ್ಕ, ದೊಡ್ಡಪ್ಪ ಮಾಡಿಕೊಟ್ಟ ಮೇಜಿನ ಮೇಲೆ ಕೂತಿತ್ತು. ಮೇಜಿನ ಕೆಳಗೆ ಅದರ ಕರಿ ಪೆಟ್ಟಿಗೆ. ದೊಡ್ಡಮ್ಮ ಈಗಲೂ ಅದರಲ್ಲಿ ಅಂಗಡಿಗಳ ಬಿಲ್ ಪುಸ್ತಕ, ಶಾಲೆಗಳ ಪ್ರಶ್ನೆಪತ್ರಿಕೆ ಮಾಡಿಕೊಡುತ್ತಿದ್ದಳು. ಅವಳ ಅಕ್ಷರಗಳ ತಂತ್ರಾಂಶ ಹೊಸ ಕಂಪ್ಯೂಟರುಗಳಲ್ಲಿ ಓಡುತ್ತಿರಲಿಲ್ಲ. "ಆ ಡಬ್ಬ ಇನ್ನೂ ಇಟ್ಕೊಂಡಿದೀಯಾ?" ಎಂದು ಯಾರಾದರೂ ಕೇಳಿದರೆ ಅವರಿಗೆ ಆ ದಿನ ಕಾಫಿ ಸಿಗುತ್ತಿರಲಿಲ್ಲ.

ದೊಡ್ಡಪ್ಪನಿಗೆ ಶಾಲೆಯ ಕಾಲದ ಒಬ್ಬ ಜೀವದ ಗೆಳೆಯನಿದ್ದ. ಅವನಿಗೂ ಕಿವಿ ಕೇಳಿಸದು. ಉದ್ದ ಕೈ, ಉದ್ದ ಕತ್ತು. ಎಲ್ಲರೂ ಅವನನ್ನು ಕೊಕ್ಕರೆ ಎನ್ನುತ್ತಿದ್ದರು. ಕಿವಿ ಕೇಳಿಸದ ಮಕ್ಕಳ ಆ ಶಾಲೆಯಲ್ಲಿ ಅವನಷ್ಟು ಚೆಂದ ಕಥೆ ಹೇಳುವವರು ಇರಲಿಲ್ಲವಂತೆ. ಅವನು ಕೈ ಎತ್ತಿದರೆ ಊಟದ ಕೋಣೆಯಲ್ಲಿ ತುತ್ತು ಅಲ್ಲಲ್ಲೇ ನಿಲ್ಲುತ್ತಿತ್ತಂತೆ. ದರ್ಜಿಯಾಗಿ ದೂರದೂರಿಗೆ ಹೋದವನು ಅಲ್ಲೇ ಬೇರುಬಿಟ್ಟಿದ್ದ. ಒಂದು ದಿನ ಅವನ ಕಡೆಯವರೊಬ್ಬರು ಬಂದು ದೊಡ್ಡಪ್ಪನ ಕೈಗೆ ಒಂದು ಪೆನ್ ಡ್ರೈವ್ ಕೊಟ್ಟು ಹೋದರು. ಕೊಕ್ಕರೆಯ ಮಗಳು ಹೊಸ ಕ್ಯಾಮೆರಾದಲ್ಲಿ ಅಪ್ಪ ಹೇಳಿದ ಕಥೆಯೊಂದನ್ನು ವಿಡಿಯೋ ತೆಗೆದು ಕಳಿಸಿದ್ದಳು.

ದೊಡ್ಡಪ್ಪ ತಲೆ ಬಾಚಿಕೊಂಡು, ನೆಂಟರನ್ನು ಎದುರುಗೊಳ್ಳುವವರ ಹಾಗೆ ಕಂಪ್ಯೂಟರಿನ ಮುಂದೆ ಕೂತರು. ಅಡುಗೆಮನೆಯಲ್ಲಿದ್ದ ದೊಡ್ಡಮ್ಮ ಕೈ ಒರೆಸಿಕೊಂಡು ಬರುವಷ್ಟರಲ್ಲಿ ಅವರು ಎದ್ದು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು.

"ಏನಾಯ್ತು?" ದೊಡ್ಡಮ್ಮ ಅವರ ಭುಜ ತಟ್ಟಿ ಕೇಳಿದಳು.

"ಅವನ ಕೈ ಹೋಗಿಬಿಟ್ಟಿದೆ. ನಡುಗ್ತಿದೆ. ಒಂದು ಮಾತೂ ನೆಟ್ಟಗೆ ಬರ್ತಿಲ್ಲ. ಏನು ಹೇಳ್ತಿದಾನೆ ಅಂತ ನನಗೇ ತಿಳೀಲಿಲ್ಲ."

ಕೊಕ್ಕರೆಗೆ ಏನೋ ನಡುಕದ ಕಾಯಿಲೆ ಬಂದಿದೆ, ಕೊನೆಯದಾಗಿ ಒಂದು ಸಲ ಮಾತಾಡಿಸಲು ಇದನ್ನು ಕಳಿಸಿದ್ದಾನೆ ಎಂದು ದೊಡ್ಡಪ್ಪ ತೀರ್ಮಾನಿಸಿಬಿಟ್ಟರು. ಅವತ್ತು ತಮ್ಮ ಮರಗೆಲಸದ ಕಾರ್ಖಾನೆಗೂ ಹೋಗಲಿಲ್ಲ. ತಟ್ಟೆಯಲ್ಲಿ ಹಾಕಿದ ಅನ್ನ ಹಾಗೇ ಉಳಿಯಿತು.

ದೊಡ್ಡಮ್ಮ ಮಾತ್ರ ಆ ವಿಡಿಯೋವನ್ನು ಮತ್ತೆ ಹಾಕಿದಳು. ನಾನೂ ಪಕ್ಕದಲ್ಲಿ ನಿಂತು ನೋಡಿದೆ. ಉದ್ದ ಕೈಗಳು ಎದೆಯ ಹತ್ತಿರ ಇದ್ದವು; ಮರುಕ್ಷಣ ಹಣೆಯ ಹತ್ತಿರ ಇದ್ದವು. ನಡುವೆ ಏನೂ ಇಲ್ಲ. ಒಂದಿಷ್ಟು ಹೊತ್ತು ಚಿತ್ರ ಕಲ್ಲಾಗಿ ನಿಲ್ಲುತ್ತಿತ್ತು, ಆಮೇಲೆ ದಡದಡ ಓಡುತ್ತಿತ್ತು. ದೊಡ್ಡಮ್ಮ ಇದ್ದಕ್ಕಿದ್ದಂತೆ ಪರದೆಯ ಮೂಲೆಗೆ ಬೆರಳಿಟ್ಟಳು. ಕೊಕ್ಕರೆಯ ಹಿಂದೆ ಕಾಂಪೌಂಡ್ ಗೋಡೆಯ ಮೇಲೆ ಒಂದು ಬೆಕ್ಕು ನಡೆದುಹೋಗುತ್ತಿತ್ತು. ಅದೂ ಇಲ್ಲಿ ಮಾಯವಾಗಿ ಅಲ್ಲಿ ಕಾಣಿಸಿಕೊಳ್ಳುತ್ತಿತ್ತು.

"ಬೆಕ್ಕಿಗೂ ನಡುಕದ ಕಾಯಿಲೆನಾ?" ಎಂದಳು. ಎಂದವಳೇ ಎದ್ದು ಓಡಿ, ದೊಡ್ಡಪ್ಪನ ಕೈ ಹಿಡಿದು ಎಳೆದುಕೊಂಡು ಬಂದಳು. "ನೋಡಿ ಇಲ್ಲಿ. ಕಾಯಿಲೆ ಅವರಿಗಲ್ಲ. ನನ್ನ ಕಂಪ್ಯೂಟರಿಗೆ."

ದೊಡ್ಡಪ್ಪ ಬೆಕ್ಕನ್ನೇ ಎಷ್ಟೋ ಹೊತ್ತು ನೋಡಿದರು. ಮುಖದಲ್ಲಿ ಅರ್ಧ ನಂಬಿಕೆ, ಅರ್ಧ ಅನುಮಾನ. "ಸಮಾಧಾನಕ್ಕೆ ಹೇಳ್ತಿದೀಯ," ಎಂದರು.

ದೊಡ್ಡಮ್ಮನಿಗೆ ಅದು ನಾಟಿತು. "ತೋರಿಸ್ತೀನಿ," ಎಂದಳು.

ಅವಳ ಮೊದಲ ಉಪಾಯ ಸುಲಭದ್ದು. ದೊಡ್ಡ ಚಿತ್ರ ಹೊರಲಾರದೆ ಕಂಪ್ಯೂಟರ್ ಮುಗ್ಗರಿಸುತ್ತಿದ್ದರೆ ಚಿತ್ರವನ್ನೇ ಚಿಕ್ಕದು ಮಾಡುವುದು. ವಿಡಿಯೋ ಪರಿವರ್ತಿಸುವ ಒಂದು ಪ್ರೋಗ್ರಾಮಿನಲ್ಲಿ ಅದನ್ನು ಕುಗ್ಗಿಸಿದಳು. ಈಗ ಅದು ನಿಲ್ಲದೆ ಓಡಿತು. ದೊಡ್ಡಪ್ಪನನ್ನು ಕೂರಿಸಿ ಹೆಮ್ಮೆಯಿಂದ ತೋರಿಸಿದಳು. ಅವರು ಮುಂದೆ ಬಾಗಿದರು, ಹಿಂದೆ ಸರಿದರು, ಕನ್ನಡಕ ಒರೆಸಿದರು.

"ಹುಬ್ಬು ಕಾಣ್ತಿಲ್ಲ," ಎಂದರು.

ಕೈಮಾತಿನಲ್ಲಿ ಹುಬ್ಬು ಎತ್ತಿದರೆ ಪ್ರಶ್ನೆ, ಗಂಟಿಕ್ಕಿದರೆ ಬೇರೆ ಮಾತು. ಬೆರಳಿನ ತುದಿ ಗಲ್ಲ ಮುಟ್ಟಿತೋ ತುಟಿ ಮುಟ್ಟಿತೋ ಎಂಬುದರಲ್ಲಿ ಅರ್ಥವೇ ಅದಲು ಬದಲು. ಕುಗ್ಗಿಸಿದ ಚಿತ್ರದಲ್ಲಿ ಕೊಕ್ಕರೆಯ ಮುಖ ಕಲಸಿದ ಹಿಟ್ಟಿನ ಹಾಗಿತ್ತು, ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಚಿತ್ರ ತಿಳಿಯಾಗಿದ್ದರೆ ಓಟವಿಲ್ಲ, ಓಟವಿದ್ದರೆ ತಿಳಿಯಿಲ್ಲ. ದೊಡ್ಡಮ್ಮನಿಗೆ ಎರಡೂ ಬೇಕಿತ್ತು.

ಮರುದಿನ ಪೆಟ್ಟಿಗೆಯನ್ನು ಆಟೋದಲ್ಲಿಟ್ಟುಕೊಂಡು ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೋದೆವು. ರಿಪೇರಿಯವನು ಒಳ್ಳೆಯ ಮನುಷ್ಯ. ವಿಡಿಯೋ ಹಾಕಿ ನೋಡಿ ತಲೆ ಅಲ್ಲಾಡಿಸಿದ.

"ವಯಸ್ಸಾಯ್ತು ಅಮ್ಮ ಇದಕ್ಕೆ. ಹೊಸದು ತಗೊಂಡುಬಿಡಿ."

"ನಂಗೂ ವಯಸ್ಸಾಗಿದೆ. ನಮ್ಮನೆಯವರು ಹೊಸಬಳನ್ನ ತರ್ತೀನಿ ಅಂದ್ರೆ ನೀವು ಸರಿ ಅಂತೀರಾ?"

ಅವನು ಜೋರಾಗಿ ನಕ್ಕ. ನಕ್ಕ ಮೇಲೆ ಮನಸ್ಸು ಕರಗಿರಬೇಕು. ಪೆಟ್ಟಿಗೆಯನ್ನು ತಿರುಗಿಸಿ ಗಾಳಿಕಿಂಡಿಯ ಮೇಲೆ ಬೆರಳಾಡಿಸಿ ತೋರಿಸಿದ. ಬೆರಳಿಗೆ ಕಂದು ಬಣ್ಣದ ಪುಡಿ ಮೆತ್ತಿಕೊಂಡಿತ್ತು. "ಮೊದಲು ಇದನ್ನ ತೆಗೀರಿ. ಫ್ಯಾನಿಗೆ ಗಾಳಿ ಇಲ್ಲ, ಪ್ರೊಸೆಸರ್ ಬಿಸಿಯಾಗಿ ನಿಧಾನ ಆಗ್ತಿದೆ. ಆಮೇಲೆ ಇನ್ನೊಂದು ವಿಷಯ. ವಿಡಿಯೋ ಕೆಲಸ ಎಲ್ಲಾ ಪ್ರೊಸೆಸರ್ ತಲೆ ಮೇಲೇ ಬಿದ್ದಿದೆ. ಒಳಗಡೆ ಗ್ರಾಫಿಕ್ಸ್ ಕಾರ್ಡ್ ಅಂತ ಒಂದಿದೆಯಲ್ಲ, ಅದು ಆರಾಮಾಗಿ ಕಾಲು ಚಾಚ್ಕೊಂಡು ಕೂತಿದೆ. ಅದರ ಕೈಲಿ ಕೆಲಸ ಮಾಡಿಸೋಕೆ ಆದ್ರೆ ಬದುಕ್ತೀರಿ."

ಆ ಪುಡಿ ಏನೆಂದು ಮನೆಗೆ ಬಂದು ಪೆಟ್ಟಿಗೆ ಬಿಚ್ಚಿದಾಗ ತಿಳಿಯಿತು. ಮರದ ಹೊಟ್ಟು. ವರ್ಷಗಟ್ಟಲೆ ದೊಡ್ಡಪ್ಪ ಕೆಲಸದಿಂದ ಬಂದು, ಅದೇ ಕಿಟಕಿಯ ಪಕ್ಕ ನಿಂತು ಅಂಗಿ ಕೊಡವುತ್ತಿದ್ದರು. ಫ್ಯಾನಿನ ರೆಕ್ಕೆಗಳು ಹೊಟ್ಟಿನಲ್ಲಿ ಹೂತುಹೋಗಿದ್ದವು. ದೊಡ್ಡಮ್ಮ ಸೊಂಟದ ಮೇಲೆ ಕೈಯಿಟ್ಟು ಗಂಡನ ಕಡೆ ತಿರುಗಿದಳು. ದೊಡ್ಡಪ್ಪ ತಕ್ಷಣ ಕಣ್ಣು ಮುಚ್ಚಿಕೊಂಡರು.

ಆದರೆ ಮರುಕ್ಷಣವೇ ಒಂದು ಕಣ್ಣು ತೆರೆದು, ಒಳಗಿನಿಂದ ಪಾಲಿಶ್ ಹಚ್ಚುವ ಮೆತ್ತನೆಯ ಬ್ರಷ್ಷೊಂದನ್ನು ತಂದು, ರೆಕ್ಕೆ ರೆಕ್ಕೆಯನ್ನೂ ತಾವೇ ಉಜ್ಜಿ ಶುಚಿಮಾಡಿದರು.

ಪೆಟ್ಟಿಗೆ ತಣ್ಣಗಾಯಿತು. ಬುಸುಗುಟ್ಟುತ್ತಿದ್ದ ಸದ್ದು ನಿಂತಿತು. ವಿಡಿಯೋ ಮೊದಲಿಗಿಂತ ವಾಸಿ, ಆದರೂ ಕೈ ಬೀಸಿದಲ್ಲೆಲ್ಲ ಕುಂಟುತ್ತಿತ್ತು. ದೊಡ್ಡಮ್ಮ ಹಗುರವಾದ ಬೇರೊಂದು ಪ್ಲೇಯರ್ ಹಾಕಿಕೊಂಡಳು. ಅದರ ಸೆಟ್ಟಿಂಗಿನಲ್ಲಿ ಹುಡುಕಿ, ಕೆಲಸವನ್ನು ಗ್ರಾಫಿಕ್ಸ್ ಕಾರ್ಡಿಗೆ ವಹಿಸುವ ಕಡೆ ಗುರುತು ಹಾಕಿದಳು. ಮತ್ತೆ ವಿಡಿಯೋ ಹಾಕಿದಳು. ಎಂದಿನ ಹಾಗೆ ಕೊಕ್ಕರೆಯ ಕೈಗಳು ಹಾರಿ ಹಾರಿ ಬಿದ್ದವು.

"ಬಿಡು ದೊಡ್ಡಮ್ಮ, ಬೇರೆ ಯಾರ ಮನೇಲಾದ್ರೂ ತೋರಿಸೋಣ," ಎಂದೆ.

"ಇವರು ಒಂದು ಸಲ ನೋಡಿ ಬಿಡೋರಲ್ಲ. ದಿನಾ ನೋಡ್ಬೇಕು ಇವರಿಗೆ. ದಿನಾ ಯಾರ ಮನೆ ಬಾಗಿಲು ತಟ್ಟಲಿ?"

ಪ್ರೆಸ್ಸಿನಲ್ಲಿ ಅವಳಿಗೆ ಒಂದು ಅಭ್ಯಾಸವಿತ್ತು. ಪುಟ ತಪ್ಪಾಗಿ ಅಚ್ಚಾದರೆ ಯಂತ್ರವನ್ನು ಬೈಯುವ ಮೊದಲು ತಾನು ಕೊಟ್ಟ ಫೈಲನ್ನು ತೆರೆದು ನೋಡುವುದು. ಈಗಲೂ ಅದನ್ನೇ ಮಾಡಿದಳು. ವಿಡಿಯೋ ಯಾವ ಬಗೆಯದು ಎಂದು ನೋಡಿದಳು, ತನ್ನ ಕಾರ್ಡಿಗೆ ಯಾವ ಯಾವ ಬಗೆ ಗೊತ್ತು ಎಂದು ಹುಡುಕಿದಳು, ಇಂಟರ್ನೆಟ್ಟಿನಲ್ಲಿ ಇಂಥದ್ದೇ ಕಷ್ಟಪಟ್ಟವರು ಬರೆದಿದ್ದನ್ನೆಲ್ಲ ಓದಿದಳು. ಓದುತ್ತ ಓದುತ್ತ ಹಣೆ ಚಚ್ಚಿಕೊಂಡಳು.

ವಿಷಯ ಇಷ್ಟೇ. ಕ್ಯಾಮೆರಾ ವಿಡಿಯೋವನ್ನು ಇದ್ದ ಹಾಗೇ ಇಡುವುದಿಲ್ಲ, ಬಟ್ಟೆಯ ಹಾಗೆ ಮಡಿಸಿ ಇಡುತ್ತದೆ. ನೋಡುವಾಗ ಕಂಪ್ಯೂಟರ್ ಆ ಮಡಿಕೆ ಬಿಚ್ಚಬೇಕು. ಕೊಕ್ಕರೆಯ ಮಗಳ ಹೊಸ ಕ್ಯಾಮೆರಾ ಹೊಸ ಬಗೆಯಲ್ಲಿ ಬಿಗಿಯಾಗಿ ಮಡಿಸಿತ್ತು. ದೊಡ್ಡಮ್ಮನ ಕಾರ್ಡಿಗೆ ಗೊತ್ತಿದ್ದುದು ಹಳೆಯ ಮಡಿಕೆ ಮಾತ್ರ. ಹೊಸದನ್ನು ಕಂಡೊಡನೆ ಅದು ಕೈಕಟ್ಟಿ ಕೂರುತ್ತಿತ್ತು, ಕೆಲಸ ತಿರುಗಿ ಪ್ರೊಸೆಸರಿನ ತಲೆಗೇ ಬೀಳುತ್ತಿತ್ತು.

"ಸೋಮಾರಿ ಅಂದ್ಕೊಂಡಿದ್ದೆ ಪಾಪ, ಅದಕ್ಕೆ ಭಾಷೆನೇ ಬರ್ತಿರಲಿಲ್ಲ!" ಎಂದಳು ದೊಡ್ಡಮ್ಮ.

ಹಾಗಾದರೆ ಚಿತ್ರವನ್ನು ಕುಗ್ಗಿಸಬೇಕಿಲ್ಲ. ಅಷ್ಟೇ ಅಗಲ, ಅಷ್ಟೇ ಎತ್ತರ, ಅಷ್ಟೇ ವೇಗ ಇಟ್ಟುಕೊಂಡು ಹಳೆಯ ಬಗೆಗೆ ಬದಲಾಯಿಸಿದರೆ ಸಾಕು. ಬೆಳಿಗ್ಗೆ ಕಾಫಿ ಮುಗಿಸಿ ಆ ಕೆಲಸಕ್ಕೆ ಹಚ್ಚಿದಳು. ಹಳೇ ಪೆಟ್ಟಿಗೆ ಆಮೆಯ ಹಾಗೆ ತೆವಳಿತು. ಅಡುಗೆ ಆಯಿತು, ಬಟ್ಟೆ ಒಣಗಿತು, ನಾನು ಕೆಲಸಕ್ಕೆ ಹೋಗಿ ಬಂದೆ. ಅದು ಇನ್ನೂ ಮಡಿಸುತ್ತಲೇ ಇತ್ತು. ಕೋಣೆಯಲ್ಲಿ ಅಂಗಿ ಕೊಡವುವುದು ಹೋಗಲಿ, ದೊಡ್ಡಪ್ಪ ಜೋರಾಗಿ ಹೆಜ್ಜೆ ಇಡಲೂ ಹೆದರಿದರು.

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಕೆಲಸ ಮುಗಿಯಿತು. ದೊಡ್ಡಮ್ಮ ದೊಡ್ಡಪ್ಪನನ್ನು ಕೂರಿಸಿದಳು. ತಾನು ಕೂರಲಿಲ್ಲ, ಕುರ್ಚಿಯ ಬೆನ್ನು ಹಿಡಿದು ನಿಂತು ಒತ್ತಿದಳು.

ಕೊಕ್ಕರೆ ಎದುರಿಗೆ ಬಂದ. ಅಂಗಿಯ ಗುಂಡಿಯ ದಾರ ಕೂಡ ಕಾಣುವಷ್ಟು ಸ್ಪಷ್ಟ. ಉದ್ದ ಕೈಗಳನ್ನು ಎತ್ತಿದ. ಅವು ನೀರಿನ ಹಾಗೆ ಹರಿದವು. ಎದೆಯಿಂದ ಹಣೆಗೆ, ಹಣೆಯಿಂದ ಗಾಳಿಗೆ, ಎಲ್ಲೂ ತಡೆಯಿಲ್ಲ, ಎಲ್ಲೂ ನಡುಕವಿಲ್ಲ. ಹುಬ್ಬು ಏರಿತು, ಇಳಿಯಿತು. ಹಿಂದೆ ಬೆಕ್ಕು ರಾಣಿಯ ಹಾಗೆ ಗೋಡೆಯ ಉದ್ದಕ್ಕೂ ನಡೆದು ಹೋಯಿತು.

ದೊಡ್ಡಪ್ಪನ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು. ಎರಡೂ ಇತ್ತೋ ಏನೋ.

ಕೊಕ್ಕರೆ ಹೇಳುತ್ತಿದ್ದುದು ಶಾಲೆಯ ಗಂಟೆಯ ಕಥೆ. ಕಿವಿ ಕೇಳಿಸದ ಮಕ್ಕಳ ಶಾಲೆಗೂ ಯಾರೋ ಪುಣ್ಯಾತ್ಮರು ದೊಡ್ಡದೊಂದು ಕಂಚಿನ ಗಂಟೆ ಕೊಡಿಸಿದ್ದರಂತೆ. ಕೊಕ್ಕರೆ, ದೊಡ್ಡಪ್ಪ ಇಬ್ಬರೂ ಸೇರಿ ಅದನ್ನು ಕದ್ದು ಹುಲ್ಲಿನ ಬಣವೆಯಲ್ಲಿ ಮುಚ್ಚಿಟ್ಟರು. ಮರುದಿನ ಮಕ್ಕಳೆಲ್ಲ ಹೊತ್ತಿಗೆ ಸರಿಯಾಗಿ ತರಗತಿಯಲ್ಲಿ ಕೂತಿದ್ದರು. ತಡವಾಗಿ ಬಂದವರು ಮೇಷ್ಟ್ರುಗಳು! ಗಂಟೆಯನ್ನು ನಂಬಿಕೊಂಡಿದ್ದವರು ಅವರು ಮಾತ್ರ. ಧೋತರ ಸಿಕ್ಕಿಸಿಕೊಂಡು ಓಡಿಬರುವ ಹೆಡ್‌ಮಾಸ್ತರರನ್ನು ಕೊಕ್ಕರೆ ಎರಡೇ ಬೆರಳುಗಳಲ್ಲಿ ಓಡಿಸಿ ತೋರಿಸಿದಾಗ ನನಗೂ ನಗು ತಡೆಯಲಾಗಲಿಲ್ಲ.

ದೊಡ್ಡಪ್ಪ ತಿರುಗಿ ದೊಡ್ಡಮ್ಮನ ಎರಡೂ ಕೈ ಹಿಡಿದುಕೊಂಡರು. ಕೈ ಹಿಡಿದರೆ ಇಬ್ಬರಿಗೂ ಮಾತಿಲ್ಲ.

ಸುದ್ದಿ ಹಳೆಯ ಸಹಪಾಠಿಗಳಿಗೆಲ್ಲ ಹೋಯಿತು. ಭಾನುವಾರ ಎಲ್ಲರೂ ದೊಡ್ಡಪ್ಪನ ಕಾರ್ಖಾನೆಯಲ್ಲಿ ಸೇರಿದರು. ಒಂದು ಪ್ಲೈವುಡ್ ಹಲಗೆಗೆ ಬಿಳಿ ಬಣ್ಣ ಬಳಿದು ಗೋಡೆಗೆ ಒರಗಿಸಿದ್ದರು. ರಿಪೇರಿಯವನು ಪ್ರೊಜೆಕ್ಟರ್ ತಂದುಕೊಟ್ಟು, ತಾನೂ ನೋಡುತ್ತೇನೆಂದು ಕೂತ. "ಎಲ್ಲರ ಎದುರಿಗೆ ಇದು ಕೈಕೊಟ್ರೆ ನಾನು ತಲೆ ಎತ್ಕೊಂಡು ಓಡಾಡೋ ಹಾಗಿಲ್ಲ ಕಣೇ," ಎಂದು ದೊಡ್ಡಮ್ಮ ನನ್ನ ತೋಳು ಚಿವುಟಿದಳು.

ಅದು ಕೈಕೊಡಲಿಲ್ಲ. ಹಲಗೆಯ ತುಂಬ ಕೊಕ್ಕರೆ ಕೈ ಬೀಸಿದ. ಮೇಷ್ಟ್ರು ಓಡಿ ಬರುವಲ್ಲಿ ಇಡೀ ಕಾರ್ಖಾನೆ ಬಿದ್ದು ಬಿದ್ದು ನಕ್ಕಿತು. ತಮ್ಮ ಸದ್ದು ತಮಗೇ ಕೇಳಿಸದವರ ನಗುವಿಗೆ ಅಂಕೆಯಿಲ್ಲ; ಬೀದಿಯವರು ಬಾಗಿಲಿಗೆ ಬಂದು ಇಣುಕಿದರು. ಮುಗಿದಾಗ ಎಲ್ಲರೂ ಎರಡೂ ಕೈ ಮೇಲೆತ್ತಿ ಅಂಗೈ ಅಲ್ಲಾಡಿಸಿದರು. ಅವರ ಚಪ್ಪಾಳೆ ಹಾಗೆಯೇ. ಅವರು ಹಲಗೆಯ ಕಡೆಗಲ್ಲ, ಕಂಪ್ಯೂಟರಿನ ಪಕ್ಕ ನಿಂತಿದ್ದ ದೊಡ್ಡಮ್ಮನ ಕಡೆಗೆ ತಿರುಗಿ ಅಲ್ಲಾಡಿಸುತ್ತಿದ್ದರು. ಬಾಯಿ ಮಾಡಿಯೇ ಬದುಕಿದವಳು ಅಂದು ಸೆರಗಿನ ತುದಿ ಹಿಡಿದು ನಿಂತಳು.

ಅಷ್ಟರಲ್ಲಿ ದೊಡ್ಡಪ್ಪ ಕೆಲಸದ ಬೆಂಚಿನ ಮೇಲೆ ಹತ್ತಿದರು.

"ಇವನು ಹೇಳಿದ್ದು ಸುಳ್ಳು!" ಅವರ ಕೈಗಳು ಗಾಳಿಯನ್ನು ಸೀಳಿದವು. "ಗಂಟೆ ಕದ್ದವನು ನಾನು. ಇವನು ಮೂಲೆಯಲ್ಲಿ ನಿಂತು ನಡುಗ್ತಿದ್ದ. ಕ್ಯಾಮೆರಾ ಯಾರ ಹತ್ತಿರ ಇದೆ? ನಿಜವಾದ ಕಥೆ ನಾನು ಹೇಳ್ತೀನಿ!"

ಅವನ ಪಕ್ಷ, ಇವರ ಪಕ್ಷ ಎಂದು ಕಾರ್ಖಾನೆ ಎರಡು ಪಾಲಾಯಿತು. ಎಲ್ಲಿ ನೋಡಿದರೂ ಮೇಲೆದ್ದ ಕೈಗಳು, ಏರಿದ ಹುಬ್ಬುಗಳು. ರಿಪೇರಿಯವನು ತಬ್ಬಿಬ್ಬಾಗಿ, "ಏನಮ್ಮ, ಹೊಡೆದಾಟನಾ?" ಎಂದು ಕೇಳಿದ.

"ಇಲ್ಲಪ್ಪ, ಹರಟೆ," ಎಂದಳು ದೊಡ್ಡಮ್ಮ. ಆಮೇಲೆ ಅವಳೂ ಬೆಂಚಿನ ಹತ್ತಿರ ಹೋಗಿ, ಗಂಡನ ಪರವಾಗಿ ಎರಡೂ ಕೈಯಲ್ಲಿ ವಾದಿಸತೊಡಗಿದಳು.